ಪುಣ್ಯಕೋಟಿ ಕಥೆ ಹೇಳುವಾಗ ಗಂಟಲು ಕಟ್ಟುತ್ತೆ. ಮೈಯ ಮಾತು ಕೇಳಿಕೊಂಡು ಕಥೆ ಹೇಳೋದನ್ನು ಇಲ್ಲಿ ಯಾರಾದರೂ ಅಭ್ಯಾಸ ಮಾಡಿದ್ದೀರಾ?

ನಲಿಕಲಿ ಟೀಚರ್ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷದಿಂದ ಟೀಚರ್ ಆಗಿದ್ದೀನಿ. ನಮ್ಮ ನಲಿಕಲಿ ಮಕ್ಕಳಿಗೆ ದಿನಕ್ಕೊಂದು ಕಥೆ ಹೇಳಲೇಬೇಕು, ಹೇಳದಿದ್ದರೆ ಮನೆಗೆ ಹೋಗೋಕೆ ಬಿಡೋದಿಲ್ಲ. ಕಥೆ ಹೇಳೋದು ನನಗೆ ಯಾವತ್ತೂ ಕಷ್ಟ ಅನ್ನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡರು. ಆವತ್ತಿನಿಂದ ಪುಣ್ಯಕೋಟಿ ಕಥೆ ಹೇಳೋಕೆ ಆಗ್ತಿಲ್ಲ. ಹಸು ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದು, ಕರುವಿಗೆ ಕೊನೇ ಸಲ ಹಾಲು ಕುಡಿಸಿ, ಜೊತೆಯ ಹಸುಗಳಿಗೆ ಕರುವನ್ನು ಒಪ್ಪಿಸೋ ಜಾಗ ಇದೆಯಲ್ಲ, ಅಲ್ಲಿಗೆ ಬರುತ್ತಲೇ ಗಂಟಲು ಕಟ್ಟುತ್ತೆ. ಕಣ್ಣಲ್ಲಿ ನೀರು ಬರೋದಿಲ್ಲ. ಧ್ವನಿ ಮಾತ್ರ ನಿಂತುಹೋಗುತ್ತೆ. ಮಕ್ಕಳು ನನ್ನ ಮುಖಾನೇ ನೋಡ್ತಾ ಕೂತಿರ್ತಾರೆ. ಎರಡು ಸಲ ಹೀಗಾದ ಮೇಲೆ ಆ ಕಥೆಯನ್ನೇ ಬಿಟ್ಟುಬಿಟ್ಟೆ.

ಕಳೆದ ತಿಂಗಳು ಗೆಳತಿಯೊಬ್ಬಳು ಒಂದು ಕಥಾಕೂಟಕ್ಕೆ ಕರ್ಕೊಂಡು ಹೋದಳು. ಹತ್ತು ಹನ್ನೆರಡು ಜನ ಚಾಪೆ ಮೇಲೆ ಕೂತು ತಮ್ಮ ಬದುಕಿನ ಒಂದೊಂದು ಪ್ರಸಂಗ ಹೇಳ್ತಾರೆ. ನನ್ನ ಸರದಿ ಬಂದಾಗ ಅಮ್ಮನ ವಿಷಯ ಹೇಳಿದೆ. ಯಾವ ತಾರೀಖು ಅಡ್ಮಿಟ್ ಮಾಡಿದ್ವಿ, ಡಾಕ್ಟರ್ ಏನಂದ್ರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ವರದಿ ಒಪ್ಪಿಸಿದ ಹಾಗೆ. ಕೂಟ ನಡೆಸುವವರು ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: "ಆಗ ನಿಮ್ಮ ಕಾಲು ಎಲ್ಲಿತ್ತು?"

ನನಗೆ ಉತ್ತರವೇ ಹೊಳೆಯಲಿಲ್ಲ. ಈಗ ಒಂದು ತಿಂಗಳಿಂದ ಆ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಕಥೆ ಹೇಳುವಾಗ ಮೈಯ ಕಡೆ ಗಮನ ಕೊಡೋದರಿಂದ ನಿಜವಾಗಿ ಏನಾದರೂ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಬರೀರಿ.

ಚೆಂಡೆಪೆಟ್ಟು (ಕುಂದಾಪುರ)

ಟೀಚರೇ, ನಿಮ್ಮ ಪ್ರಶ್ನೆ ಓದಿ ಊಟಕ್ಕೆ ಏಳದೆ ಬರೀಲಿಕ್ಕೆ ಕೂತೆ.

ನಾನು ಬ್ಯಾಂಕ್ ಕೆಲಸದವನು, ಮೂವತ್ತೆಂಟನೇ ವಯಸ್ಸಿನಲ್ಲಿ ತಾಳಮದ್ದಳೆಗೆ ಬಂದೆ. ಘಟ್ಟದ ಮೇಲಿನವರಿಗೆ ಗೊತ್ತಿರಲಿ ಅಂತ ಹೇಳ್ತೇನೆ: ಯಕ್ಷಗಾನದ ಪ್ರಸಂಗವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಚೆಂಡೆ ಮದ್ದಳೆ ನುಡೀತದೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯದ ಎಳೆ ಹಿಡಿದು ಆಶುವಾಗಿ ಮಾತಾಡಬೇಕು. ಬರೆದುಕೊಟ್ಟ ಮಾತು ಅಂತ ಯಾವುದೂ ಇಲ್ಲ. ಹಾಗಾಗಿ ನಮ್ಮೊಳಗೆ ಏನಿದೆಯೋ ಅದೇ ಹೊರಗೆ ಬರ್ತದೆ, ತಡೆದರೂ ಬರ್ತದೆ.

ಒಂದು ಸಲ ಬಭ್ರುವಾಹನ ಕಾಳಗದಲ್ಲಿ ನನಗೆ ಬಭ್ರುವಾಹನನ ಅರ್ಥ. ಯಾಗದ ಕುದುರೆ ಕಟ್ಟಿದ ಮಗ, ಅದು ಅಪ್ಪನದು ಅಂತ ಗೊತ್ತಾದ ಕೂಡಲೇ ಕಾಣಿಕೆ ಸಮೇತ ತಂದು ಒಪ್ಪಿಸಿ ಕಾಲಿಗೆ ಬೀಳ್ತಾನೆ. ಅರ್ಜುನ ಅವನನ್ನು ಮಗ ಅಂತ ಒಪ್ಪುವುದಿಲ್ಲ, ಜರೆದು ಒದೀತಾನೆ. ನನಗೂ ನನ್ನ ತಂದೆಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಅದು ಕೂಟದಲ್ಲಿ ಯಾರಿಗೂ ಗೊತ್ತಿಲ್ಲ. ಅಭ್ಯಾಸದ ದಿನ ನಾನು "ಅಪ್ಪಾ" ಅಂದೆ, ಮುಂದಿನ ಮಾತು ಸರಾಗ ಬಂತು, ಚೆನ್ನಾಗಿಯೇ ಆಯ್ತು ಅಂದುಕೊಂಡೆ. ನನಗೆ ಕಲಿಸಿದ ಹಿರಿಯರು ಮಾತಿನ ಬಗ್ಗೆ ಏನೂ ಹೇಳಲಿಲ್ಲ. "ಅಪ್ಪಾ ಅನ್ನುವಾಗ ಶಾಲಿನೊಳಗೆ ನಿನ್ನ ಬಲಗೈ ಮುಷ್ಟಿ ಆಯ್ತಲ್ಲ, ಆ ಮುಷ್ಟಿ ಬಭ್ರುವಾಹನನದ್ದಲ್ಲ ಮಾರಾಯಾ. ಅವನಿನ್ನೂ ಕಾಣಿಕೆ ಹಿಡಿದು ನಿಂತಿದ್ದಾನೆ. ಅವನ ಕೈ ತೆರೆದೇ ಇರಬೇಕು" ಅಂದರು.

ಕೈ ತೆರೆದಿಟ್ಟುಕೊಂಡು ಅದೇ ಮಾತು ಮತ್ತೆ ಹೇಳಿದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಸ್ವರ ಒಡೀತು. ಅಷ್ಟು ವರ್ಷ ನಾನು ಸಿಟ್ಟು ಅಂದುಕೊಂಡದ್ದು ಸಿಟ್ಟಾಗಿರಲಿಲ್ಲ. ಅಪ್ಪ ಒಂದು ಸಲ ಹತ್ತಿರ ಕರೀಲಿ ಅಂತ ಕಾದ ಆಸೆ ಅದು.

ನಾಟ್ಯ ಕಲಿತವರೆಲ್ಲ ಅಭಿನಯ ದರ್ಪಣದ ಮಾತು ಕೇಳಿರ್ತಾರೆ. ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು, ಮನಸ್ಸು ಹೋದಲ್ಲಿ ಭಾವ, ಭಾವ ಇದ್ದಲ್ಲಿ ರಸ. ಮೊದಲು ಬರುವುದು ಕೈ, ಗಮನಿಸಿ. ನಿಮ್ಮ ಕೂಟದವರು ಕಾಲಿನಿಂದ ಶುರು ಮಾಡಿದ್ದಾರೆ, ದಾರಿ ಅದೇ.

ರಾಗಿಕಲ್ಲು (ಮಂಡ್ಯ)

ನನಗೆ ಅರವತ್ತೇಳು ವರ್ಷ ಕಣವ್ವ. ಮೊಮ್ಮಗಳು ಟೈಪ್ ಮಾಡಿಕೊಡ್ತಾವಳೆ.

ನಮ್ಮ ಅಜ್ಜಿ ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸೋದು. ಎದುರುಗಡೆ ನಮ್ಮ ಅತ್ತೆಯೋ ದೊಡ್ಡವ್ವನೋ, ಇಬ್ಬರೂ ಒಂದೇ ಗೂಟ ಹಿಡಿದು. ಒಂದು ಸುತ್ತಿಗೆ ಉಸಿರು ಒಳಕ್ಕೆ, ಒಂದು ಸುತ್ತಿಗೆ ಹೊರಕ್ಕೆ, ಪದ ಆ ಉಸಿರಿನ ಮೇಲೇ ಕೂತಿರೋದು. ತವರು, ಅಣ್ಣ, ಸತ್ತ ಕೂಸು, ಅತ್ತೆ ಆಡಿದ ಮಾತು, ಎಲ್ಲಾನೂ ಆ ಕಲ್ಲಿನ ಮುಂದೆ. ಹಗಲು ಹೊತ್ತಲ್ಲಿ ಅದರಲ್ಲಿ ಅರ್ಧ ಮಾತು ಆಡಿದ್ರೂ ಮನೇಲಿ ಜಗಳ ಆಗೋದು. ಬೀಸೋವಾಗ ಪದದಲ್ಲಿ ಬಂದ್ರೆ ಯಾರೂ ಏನೂ ಅನ್ನಂಗಿಲ್ಲ. ಕೈ ಕೆಲಸ ಮಾಡ್ತಾ ಇರ್ತದೆ, ಎದೆ ಹಗುರಾಯ್ತಾ ಇರ್ತದೆ. ಊರಿಗೆ ಮಿಲ್ಲು ಬಂತು, ರೆಟ್ಟೆಗೆ ಸುಖ ಆಯ್ತು, ಒಳ್ಳೇದೇ. ಪದ ಮಾತ್ರ ನಿಂತೋಯ್ತು.

ನಮ್ಮಜ್ಜಿ ಹೇಳ್ತಿದ್ದ ಕಥೆ ಒಂದು ಹೇಳ್ತೀನಿ, ನಿಮ್ಮ ಮಕ್ಕಳಿಗೂ ಹೇಳಿ. ಒಬ್ಬ ಹೆಂಗಸಿಗೆ ಒಂದು ಕಥೆ ಬರ್ತಿತ್ತು, ಒಂದು ಹಾಡು ಬರ್ತಿತ್ತು. ಯಾರಿಗೂ ಹೇಳ್ತಿರಲಿಲ್ಲ. ಒಳಗೇ ಇದ್ದೂ ಇದ್ದೂ ಅವಕ್ಕೆ ಉಸಿರು ಕಟ್ಟಿ, ಒಂದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಕ್ಕೆ ಬಿದ್ದು ಒಂದು ಜೊತೆ ಕೆರ ಆಯ್ತು, ಹಾಡು ಗಂಡಸಿನ ಅಂಗಿ ಆಗಿ ಗೂಟದಲ್ಲಿ ನೇತಾಕ್ಕೊಂತು. ಗಂಡ ಬಂದ. ಇದು ಯಾರ ಕೆರ, ಯಾರ ಅಂಗಿ ಅಂತ ಕೇಳ್ದ. ಅವಳಿಗೆ ಏನು ಗೊತ್ತು? ಗೊತ್ತಿಲ್ಲ ಅಂದ್ಲು. ಅವನು ಸಿಟ್ಟು ಮಾಡಿಕೊಂಡು ಕಂಬಳಿ ಎತ್ಕೊಂಡು ಹನುಮಂತರಾಯನ ಗುಡೀಲಿ ಮಲಗಕ್ಕೆ ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಆ ಗುಡೀಲಿ ಸೇರಿ ಮಾತಾಡ್ಕೊಳ್ತಾವಂತೆ. ಅವನ ಮನೆ ದೀಪ ತಡವಾಗಿ ಬಂತು. "ಯಾಕೆ ತಡ?" ಅಂದ್ವು ಮಿಕ್ಕಿದ್ವು. "ನಮ್ಮನೇಲಿ ಗಂಡ ಹೆಂಡ್ತಿ ಜಗಳ, ರಾತ್ರಿಯೆಲ್ಲ ನನ್ನ ಆರಿಸಲೇ ಇಲ್ಲ" ಅಂತ ನಡೆದಿದ್ದೆಲ್ಲ ಹೇಳ್ತು. ಅವನಿಗೆ ನಿಜ ತಿಳೀತು. ಬೆಳಗಾಗ ಮನೆಗೆ ಓಡಿ ಬಂದು, ನಿನ್ನ ಕಥೆ ಯಾವುದು, ಹಾಡು ಯಾವುದು ಹೇಳು ಅಂದ್ರೆ, "ಯಾವ ಕಥೆ? ಯಾವ ಹಾಡು?" ಅಂದ್ಲಂತೆ. ಅಷ್ಟೊತ್ತಿಗೆ ಅವಳಿಗೆ ಎರಡೂ ಮರ್ತೋಗಿತ್ತು.

ಅದಕ್ಕೇ ಹೇಳಿಬಿಡು ಮಗಾ, ಮರೆಯೋದ್ರೊಳಗೆ.

ದೂರದೇಶಿ

ಎಲ್ಲರ ಅನುಭವಕ್ಕೂ ಗೌರವ ಇಟ್ಟುಕೊಂಡೇ ಒಂದು ಎಚ್ಚರಿಕೆಯ ಮಾತು ಹೇಳ್ತೀನಿ. ನಾನಿರುವ ಊರಿನಲ್ಲಿ ಇಂಥ ಶಿಬಿರಗಳಿಗೆ ಭಾರಿ ಫೀಸ್ ಇದೆ. "ನಿಮ್ಮ ದುಃಖ ಸೊಂಟದಲ್ಲಿ ಕೂತಿದೆ, ಮೂರು ದಿನದಲ್ಲಿ ಬಿಡಿಸ್ತೀವಿ" ಅನ್ನುವವರಿದ್ದಾರೆ. ನನ್ನ ಹತ್ತಿರದವರೊಬ್ಬರು ಇದನ್ನು ನಂಬಿ ಮಾತ್ರೆ ನಿಲ್ಲಿಸಿ ತುಂಬ ಕಷ್ಟಪಟ್ಟರು. ಹಾಗಾಗಿ ಗಟ್ಟಿ ಆಧಾರ ಎಷ್ಟಿದೆ ಅಂತ ಕೂತು ಓದಿದೆ.

ಕಥೆಯ ಕಡೆಯಿಂದ ನೋಡಿದರೆ, 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಮತ್ತು ಸಹೋದ್ಯೋಗಿ ಮಾಡಿದ ಪ್ರಯೋಗ ಇದೆ. 46 ಕಾಲೇಜು ವಿದ್ಯಾರ್ಥಿಗಳು, ಸತತ 4 ದಿನ, ದಿನಕ್ಕೆ 15 ನಿಮಿಷ ಬರವಣಿಗೆ. ಕೆಲವರಿಗೆ ಬದುಕಿನ ಅತಿ ನೋವಿನ ಘಟನೆ, ಉಳಿದವರಿಗೆ ಸಾಮಾನ್ಯ ವಿಷಯ. ನೋವು ಬರೆದವರಿಗೆ ಬರೆದ ಕೂಡಲೇ ಸಂಕಟ ಹೆಚ್ಚಾಯಿತು, ರಕ್ತದೊತ್ತಡ ಕೂಡ ಏರಿತು. ಆದರೆ ಘಟನೆಯನ್ನೂ ಅದರ ಸುತ್ತಲಿನ ಭಾವನೆಯನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ನಂತರ ಇಂಥ ನೂರಾರು ಪ್ರಯೋಗಗಳಾದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಪರಿಣಾಮ ಇದೆ, ಆದರೆ ಸಣ್ಣದು ಅಂತ ಕಂಡುಬಂತು. ಅಂದರೆ ಪವಾಡ ಏನೂ ಇಲ್ಲ. ಸುಳ್ಳೂ ಅಲ್ಲ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಬೇರೆ ಒಂದು ಅಂಶ. ಯಾರ ಬರಹದಲ್ಲಿ ದಿನ ಕಳೆದಂತೆ "ಯಾಕಂದರೆ", "ಈಗ ಅರ್ಥ ಆಗ್ತಿದೆ" ಅನ್ನುವ ಥರದ ಪದಗಳು ಹೆಚ್ಚಾದವೋ ಅವರಿಗೇ ಹೆಚ್ಚು ಪ್ರಯೋಜನ ಆಗಿತ್ತು. ಮೊದಲ ದಿನವೇ ಅಚ್ಚುಕಟ್ಟಾದ ಕಥೆ ಬರೆದವರಿಗಲ್ಲ, ನಾಲ್ಕು ದಿನದಲ್ಲಿ ಚೂರುಗಳಿಂದ ಕಥೆ ಕಟ್ಟಿಕೊಂಡವರಿಗೆ.

ಹಾಗಾಗಿ ಟೀಚರ್ ಮೇಡಂ, ಪ್ರಯತ್ನ ಮಾಡಿ. ಯಾರಾದರೂ ಗುಣ ಮಾಡ್ತೀನಿ ಅಂತ ಮಾತು ಕೊಟ್ಟರೆ ಮಾತ್ರ ಎದ್ದು ಬನ್ನಿ.

ಹುಬ್ಬಳ್ಳಿ ಫಿಸಿಯೋ

ದೂರದೇಶಿ ಅವ್ರು ಹೇಳಿದ್ದು ಖರೇ ಐತ್ರಿ. ನಾ ಇಪ್ಪತ್ತು ವರ್ಷದಿಂದ ಫಿಸಿಯೋಥೆರಪಿ ಮಾಡಾಕತ್ತೇನಿ. ದುಃಖ ಅನ್ನೋದು ಇಂಥಾ ಸ್ನಾಯುವಿನ್ಯಾಗ ಗಂಟು ಕಟ್ಟಿಕೊಂಡು ಕುಂತಿರ್ತೈತಿ, ಒತ್ತಿದ್ರ ಹೊರಗ ಬರ್ತೈತಿ ಅನ್ನೋದಕ್ಕ ಆಧಾರ ಇಲ್ರಿ. ಆದ್ರ ಮನಸ್ಸಿಗೆ ಸಂಕಟ ಆದಾಗ ದವಡಿ ಬಿಗೀತೈತಿ, ಭುಜ ಕಿವಿ ಕಡೆ ಏರ್ತಾವು, ಉಸಿರು ಮ್ಯಾಲಿಂದ ಮ್ಯಾಲೆ ಆಡ್ತೈತಿ. ಅದನ್ನ ದಿನಾ ಕಣ್ಣಿಲೆ ನೋಡ್ತೇನಿ. ಕುತ್ತಿಗಿ ನೋವು ಅಂತ ಬಂದಾಕಿ, ಮೂರನೇ ಸಲ ಬಂದಾಗ ಮಗಳ ಮದುವಿ ಮುರಿದಿದ್ದು ಹೇಳ್ತಾಳ. ಹೇಳೂಮುಂದ ಭುಜ ತಾನ ಕೆಳಗ ಇಳೀತಾವು. ನಾ ಏನೂ ಮಾಡಿರಂಗಿಲ್ಲ, ಬರೇ ಕೇಳಿರ್ತೇನಿ.

ಮೈಯೊಳಗಿನ ಸುದ್ದಿ ತಿಳಕೊಳ್ಳೋದು ಒಂದು ಬ್ಯಾರೇನ ಅರಿವು. ಹಸಿವು, ಎದಿ ಬಡಿತ, ಉಸಿರು, ಹೊಟ್ಟಿ ಹಿಂಡೋದು, ಇವೆಲ್ಲ ಅದರಾಗ ಬರ್ತಾವು. ಕೆಲವರಿಗೆ ಇದು ಚುರುಕು, ಕೆಲವರಿಗೆ ಮಂದ. ನೀವ ಒಂದು ಸಲ ನೋಡ್ರಿ: ನಾಡಿ ಮುಟ್ಟಬ್ಯಾಡ್ರಿ, ಸುಮ್ಮ ಕುಂತು ಒಂದು ನಿಮಿಷ ನಿಮ್ಮ ಎದಿ ಬಡಿತ ಎಣಸ್ರಿ. ಜರ್ಮನಿಯ ಶಾಂಡ್ರಿ ಅನ್ನೋರು 1981ರಾಗ ಇಂಥಾದ್ದ ಒಂದು ಪರೀಕ್ಷಾ ಮಾಡಿದ್ರು. ಭಾಳ ಮಂದಿಗೆ ಮೊದಲ ಸಲ ಏನೂ ತಿಳಿಯಂಗಿಲ್ಲ, ಅದಕ್ಕ ಗಾಬರಿ ಆಗಬ್ಯಾಡ್ರಿ.

ಇನ್ನೊಂದು ಅಧ್ಯಯನ 2014ರದ್ದು, ಫಿನ್ಲೆಂಡ್‌ನವರು ಮಾಡಿದ್ದು. ಫಿನ್ಲೆಂಡ್, ಸ್ವೀಡನ್, ತೈವಾನ್, ಎಲ್ಲಾ ಕೂಡಿ 701 ಮಂದಿಗೆ ಖಾಲಿ ಮೈಯ ಚಿತ್ರ ಕೊಟ್ಟು, ಸಿಟ್ಟು ಬಂದಾಗ ಎಲ್ಲಿ ಬಿಸಿ ಅನಸ್ತೈತಿ, ದುಃಖ ಆದಾಗ ಎಲ್ಲಿ ಬಲ ಉಡುಗತೈತಿ, ಬಣ್ಣ ತುಂಬ್ರಿ ಅಂದ್ರು. ದೇಶ ಬ್ಯಾರೆ, ಭಾಷಾ ಬ್ಯಾರೆ, ಚಿತ್ರ ಮಾತ್ರ ಬಹುತೇಕ ಒಂದ ಥರಾ ಬಂದ್ವು. ಸಿಟ್ಟು ಎದಿ ಮತ್ತ ಕೈಯಾಗ. ದುಃಖಕ್ಕ ಕೈಕಾಲು ಸೋತಂಗ. ಸಂತೋಷ ಇಡೀ ಮೈ ತುಂಬ.

ಅದನ್ನ ಓದಿದಾಗ ನನಗ ಅನಿಸಿದ್ದು, ಈ ನಕಾಶೆ ನಮ್ಮ ಕನ್ನಡದಾಗ ಮೊದಲ ಐತೆಲ್ಲಾ ಅಂತ. ಎದೆ ಝಲ್ಲೆಂದಿತು, ಕರುಳು ಚುರುಕ್ ಅಂತು, ಹೊಟ್ಟೆ ಉರೀತು, ಕೈಕಾಲು ತಣ್ಣಗಾದವು, ಮೈ ನವಿರೆದ್ದಿತು, ಗಂಟಲು ಕಟ್ಟಿತು. ಮೈಚಳಿ ಬಿಟ್ಟು ಮಾತಾಡು ಅಂತೀವಿ. ಸಂಕೋಚಕ್ಕ ಚಳಿ ಅಂದಾರ ನಮ್ಮ ಹಿರ್ಯಾರು, ಎಷ್ಟು ನೋಡಿ ಹೇಳಿದ ಮಾತು ಅದು! ನನ್ನ ಕಡೆ ಬರೋರಿಗೆ "ನಿಮ್ಮ ಭಾವನೆ ಏನು" ಅಂದ್ರ ಸುಮ್ಮನಾಗಿಬಿಡ್ತಾರ. "ಹೊಟ್ಯಾಗ ಏನಾಗ್ತೈತಿ, ಎದ್ಯಾಗ ಏನಾಗ್ತೈತಿ" ಅಂದ್ರ ತಾಸುಗಟ್ಟಲೆ ಹೇಳ್ತಾರ.

ನಲಿಕಲಿ ಟೀಚರ್

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ರಾಗಿಕಲ್ಲು ಅಮ್ಮ, ನಿಮ್ಮ ಕಥೆ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅದಕ್ಕೆ ಕಾರಣ ಹೇಳ್ತೀನಿ.

ನಾಲ್ಕು ದಿನ ಹದಿನೈದು ನಿಮಿಷ ಬರೀತೀನಿ ಅಂತ ಕೂತೆ. ಮೊದಲೆರಡು ದಿನ ಅದೇ ವರದಿ. ಮೂರನೇ ದಿನ ಬರೆಯೋದಕ್ಕೆ ಮುಂಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅಡುಗೆಮನೆ ನೆಲದ ಮೇಲೆ ನಿಂತ್ಕೊಂಡೆ. ಬೆಳಗಿನ ಜಾವ, ನೆಲ ತಣ್ಣಗಿತ್ತು. ಆ ತಣ್ಣಗೆ ಅಂಗಾಲಿಗೆ ತಾಕಿದ ಕೂಡಲೇ ನೆನಪಾಯಿತು. ಐಸಿಯು ಬಾಗಿಲ ಹೊರಗೆ ಎಲ್ಲರೂ ಚಪ್ಪಲಿ ಬಿಡಬೇಕಿತ್ತು. ಒಳಗಡೆ ನೆಲ ಹೀಗೇ ತಣ್ಣಗಿತ್ತು. ನಾನು ಅಮ್ಮನ ಮಂಚದ ಪಕ್ಕ ಬರಿಗಾಲಲ್ಲಿ ನಿಂತು, ಬಲಗಾಲ ಬೆರಳುಗಳನ್ನು ಎಡಗಾಲಿನ ಮೇಲೆ ಇಟ್ಟುಕೊಂಡಿದ್ದೆ, ಚಿಕ್ಕವಳಿದ್ದಾಗ ಬೈಸಿಕೊಳ್ಳುವಾಗ ನಿಲ್ಲುತ್ತಿದ್ದ ಹಾಗೆ. ಅಮ್ಮ ಕಣ್ಣು ಬಿಟ್ಟು ಮೊದಲು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ಶೀತ ಆಗುತ್ತೆ, ಚಪ್ಪಲಿ ಹಾಕ್ಕೋ" ಅಂದರು. ಅದು ಅವರು ನನಗೆ ಹೇಳಿದ ಕೊನೇ ಮಾತು.

ಎರಡು ವರ್ಷದಲ್ಲಿ ಇದನ್ನು ಒಬ್ಬರಿಗೂ ಹೇಳಿರಲಿಲ್ಲ. ಹೇಳಬಾರದು ಅಂತ ಬಚ್ಚಿಟ್ಟಿದ್ದಲ್ಲ, ನನಗೇ ನೆನಪಿರಲಿಲ್ಲ. ಡಾಕ್ಟರ್ ಮಾತು, ಬಿಲ್ಲು, ಸಮಯ, ಅದೆಲ್ಲ ನೆನಪಿತ್ತು. ಇದೊಂದು ಎಲ್ಲಿ ಹೋಗಿತ್ತೋ.

ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ಅಮ್ಮನ ಚಪ್ಪಲೀನೂ ಆ ಬಾಗಿಲ ಹತ್ತಿರಾನೇ ಇತ್ತು. ಅಡ್ಮಿಟ್ ಮಾಡೋವಾಗ ಬಿಟ್ಟಿದ್ದು. ಕೊನೇಲಿ ಏನು ಮಾಡಬೇಕೋ ತಿಳೀದೆ ಅಲ್ಲಿ ಕಸ ಗುಡಿಸೋ ಅಮ್ಮನಿಗೆ ಕೊಟ್ಟೆ. ಹೊಸದೇ ಇತ್ತು. ನೀನು ಬೈತೀಯ ಅಂತ ಹೇಳಿರಲಿಲ್ಲ" ಅಂದ. ಇಬ್ಬರೂ ಅತ್ತೆವು. ಅಮ್ಮ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತಿದ್ದು ಇದೇ ಮೊದಲು.

ಆದರೆ ಒಂದು ವಿಷಯ ಕೇಳಬೇಕು. ಆವತ್ತು ರಾತ್ರಿ ಎದೆ ಜೋರಾಗಿ ಹೊಡ್ಕೊಂಡು ಬೆಳಗಿನ ತನಕ ನಿದ್ದೆ ಬರಲಿಲ್ಲ. ಇದು ಸರಿಯೇ?

ರಾತ್ರಿಪಾಳಿ (ಸ್ಟಾಫ್ ನರ್ಸ್)

ಮೇಡಂ, ಇಷ್ಟು ಕಾಲ ಮುಚ್ಚಿದ್ದು ತೆರೆದಾಗ ಒಂದೆರಡು ರಾತ್ರಿ ಹಾಗಾಗೋದು ಸಾಮಾನ್ಯ. ಆದರೂ ಹೇಳ್ತೀನಿ, ದಯವಿಟ್ಟು ಇಲ್ಲಿ ಓದ್ತಿರೋ ಎಲ್ಲರೂ ಗಮನಿಸಿ. ಎಲ್ಲ ನೆನಪನ್ನೂ ಒಬ್ಬರೇ ಕೂತು ತೆರೆಯಬಾರದು. ಸಾವು, ಅಗಲಿಕೆಯ ದುಃಖ ಒಂದು ಥರ. ಹಿಂಸೆ, ಮೈಮೇಲೆ ನಡೆದ ದೌರ್ಜನ್ಯ, ಅಪಘಾತ, ಇವುಗಳ ನೆನಪು ಬೇರೆ ಥರ. ಅಂಥವರಿಗೆ "ಮೈಯ ಕಡೆ ಗಮನ ಕೊಡಿ" ಅಂದರೆ ಸಮಾಧಾನದ ಬದಲು ಭಯ ಹೆಚ್ಚಾಗಬಹುದು, ಮೈಯೇ ಅವರಿಗೆ ಸುರಕ್ಷಿತ ಜಾಗ ಅಲ್ಲದೇ ಇರಬಹುದು. ನಿದ್ದೆ ಇಲ್ಲದೆ ವಾರ ಕಳೆದರೆ, ಬದುಕೋದೇ ಬೇಡ ಅನ್ನಿಸಿದರೆ, ಕಥೆಯ ಹಾದಿ ಬಿಟ್ಟು ಮೊದಲು ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ವಾರ್ಡಿನಲ್ಲಿ ಮಾಡೋದು ಇಷ್ಟೇ. ಗಾಬರಿಯಾದವರಿಗೆ ಕಣ್ಣು ಮುಚ್ಚಿ ಅನ್ನೋದಿಲ್ಲ, ಕಣ್ಣು ತೆರೆಸ್ತೀನಿ. ಕಿಟಕಿ ಎಲ್ಲಿದೆ, ಗೋಡೆ ಬಣ್ಣ ಯಾವುದು, ಈಗ ಯಾವ ಸದ್ದು ಕೇಳ್ತಿದೆ ಹೇಳಿಸ್ತೀನಿ. ಕಾಲನ್ನು ನೆಲಕ್ಕೆ ಒತ್ತಿಸಿ, ಉಸಿರನ್ನು ಎಳೆಯೋದಕ್ಕಿಂತ ನಿಧಾನಕ್ಕೆ ಬಿಡೋಕೆ ಹೇಳ್ತೀನಿ. ಉಸಿರು ಬಿಡುವಾಗ ಎದೆಬಡಿತ ಕೊಂಚ ನಿಧಾನ ಆಗುತ್ತೆ, ಅದು ದೇಹದ ಸಹಜ ನಡೆ. ಆಮೇಲೆ ಮಾತು ತಾನಾಗೇ ಬರುತ್ತೆ.

ಹೊಸಬ

ನಮ್ಮ ಊರಲ್ಲಿ ಕಥಾಕೂಟ, ತಾಳಮದ್ದಳೆ ಏನೂ ಇಲ್ಲ. ಒಬ್ಬನೇ ಶುರು ಮಾಡೋದು ಹೇಗೆ? ನನ್ನದು ದೊಡ್ಡ ದುಃಖ ಅಲ್ಲ. ಮೀಟಿಂಗ್‌ನಲ್ಲಿ ಮಾತಾಡೋಕೆ ನಿಂತರೆ ಹೊಟ್ಟೆ ತೊಳೆಸುತ್ತೆ, ಅಷ್ಟೇ.

ಹುಬ್ಬಳ್ಳಿ ಫಿಸಿಯೋ

ತಮ್ಮಾ, ಅದೂ ಸಣ್ಣದಲ್ಲ. ಹೊಟ್ಟಿ ತೊಳಸೋದು ಯಾವಾಗಿಂದ ಅಂತ ನೆನಪು ಮಾಡಿಕೋ. ಮೊದಲನೇ ಸಲ ಎಲ್ಲಿ ನಿಂತಿದ್ದಿ, ಏನು ಹಾಕ್ಕೊಂಡಿದ್ದಿ, ಎದುರಿಗೆ ಯಾರಿದ್ರು, ಕೈಯಾಗ ಏನಿತ್ತು. ಅದನ್ನ ಐದು ನಿಮಿಷದ ಕಥಿ ಮಾಡಿ ಮೊಬೈಲ್‌ದಾಗ ರೆಕಾರ್ಡ್ ಮಾಡು. "ನನಗ ಆತ್ಮವಿಶ್ವಾಸ ಕಡಿಮಿ" ಅನ್ನೋ ತೀರ್ಪು ಅದರಾಗ ಹಾಕಬ್ಯಾಡ, ನಡೆದದ್ದಷ್ಟ ಹೇಳು. ಕೇಳೂಮುಂದ ನಿನ್ನ ಉಸಿರು ಎಲ್ಲಿ ನಿಲ್ತೈತಿ ನೋಡು. ಅಲ್ಲೇ ಏನೋ ಹೇಳಿಲ್ಲ ಅಂತ ತಿಳಕೋ. ನಾಕು ದಿನಾ ಬಿಟ್ಟು ಮತ್ತೊಮ್ಮೆ ಹೇಳು. ಆಮ್ಯಾಲೆ ಒಬ್ಬರಿಗೆ, ಒಬ್ಬರಿಗಷ್ಟ, ಎದುರಿಗೆ ಕುಂದ್ರಿಸಿ ಹೇಳು. ಕೇಳೋರು ಬುದ್ಧಿ ಹೇಳಬಾರದು ಅಂತ ಮೊದಲ ಒಪ್ಪಸ್ಕೋ.

ಚೆಂಡೆಪೆಟ್ಟು

ಹೊಸಬರಿಗೆ ನನ್ನದೊಂದು ಮಾತು: ಸ್ವಂತ ಕಥೆ ಹೇಳಲಿಕ್ಕೆ ಧೈರ್ಯ ಸಾಲದಿದ್ದರೆ ಬೇರೆಯವರ ಕಥೆಯಿಂದ ಶುರು ಮಾಡಿ. ನಾನು ನನ್ನ ಹೆಸರಿನಲ್ಲಿ ಅಪ್ಪನ ಬಗ್ಗೆ ಒಂದು ವಾಕ್ಯ ಕೂಡ ಆಡಲಾರದೆ ಇದ್ದೆ. ಬಭ್ರುವಾಹನನ ಹೆಸರಿನಲ್ಲಿ ಅರ್ಧ ಗಂಟೆ ಆಡಿದೆ. ಪಾತ್ರದ ಮರೆ ಅಂದರೆ ಸಣ್ಣ ಆಸರೆಯಲ್ಲ. ರಾಗಿಕಲ್ಲು ಅಮ್ಮ ಹೇಳಿದ ಬೀಸುವ ಪದವೂ ಅಂಥದ್ದೇ ಅಲ್ಲವೇ, ಕಲ್ಲಿನ ಮರೆಯಲ್ಲಿ ಆಡಿದ ಮಾತು.

ದೂರದೇಶಿಯವರು ಕೇಳಬಹುದು, ಆಮೇಲೆ ಏನಾಯ್ತು ಅಂತ. ಪ್ರಸಂಗ ಮುಗಿದ ವಾರಕ್ಕೆ ಅಪ್ಪನ ಮನೆಗೆ ಹೋದೆ. ಅಪ್ಪಿಕೊಂಡದ್ದೂ ಇಲ್ಲ, ಅತ್ತದ್ದೂ ಇಲ್ಲ. ಅವರು "ಚಾ ಕುಡೀತಿಯಾ" ಅಂದರು, ನಾನು ಹೂಂ ಅಂದೆ. ಈಗ ತಿಂಗಳಿಗೊಮ್ಮೆ ಹೋಗ್ತೇನೆ. ಕೈ ಮುಷ್ಟಿ ಆಗ್ತದಾ ಅಂತ ಇವತ್ತಿಗೂ ನೋಡಿಕೊಳ್ತೇನೆ. ಒಂದೊಂದು ಸಲ ಆಗ್ತದೆ.

ದೂರದೇಶಿ

ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ನಿಮಗೆ ಕೈ ಮುಗೀತೀನಿ. ಅಂಕಿಅಂಶದ "ಸಣ್ಣ ಪರಿಣಾಮ" ಅಂದರೆ ಒಂದು ಮನೆಯೊಳಗೆ ಹೇಗಿರುತ್ತೆ ಅಂತ ನಾನು ಯೋಚಿಸಿರಲಿಲ್ಲ. ತಿಂಗಳಿಗೊಂದು ಲೋಟ ಚಹಾ.

ಈ ವಾರ ನಾನೂ ಎದೆಬಡಿತ ಎಣಿಸೋಕೆ ಕೂತೆ. ಏನೂ ಗೊತ್ತಾಗಲಿಲ್ಲ. ಮತ್ತೆ ಕೂರ್ತೀನಿ.

ರಾಗಿಕಲ್ಲು

ಟೀಚರವ್ವ, ನಿದ್ದೆ ಬತ್ತಾ? ಪುಣ್ಯಕೋಟಿ ಹೇಳಿದ್ಯಾ?

ನಲಿಕಲಿ ಟೀಚರ್

ನಿದ್ದೆ ಬರ್ತಿದೆ ಅಮ್ಮ. ಮೂರನೇ ರಾತ್ರಿಯಿಂದ ಸರಿಹೋಯ್ತು.

ನಿನ್ನೆ ಹೇಳಿದೆ. ಮಕ್ಕಳು ಸುತ್ತ ಕೂತಿದ್ದರು, ನಾನು ಕುರ್ಚಿ ಬಿಟ್ಟು ಅವರ ಜೊತೆ ನೆಲದ ಮೇಲೇ ಕೂತೆ. ಹುಲಿಯ ಜಾಗದಲ್ಲಿ ಎಲ್ಲರೂ ಎಂದಿನ ಹಾಗೆ ಉಗುರು ತೋರಿಸಿ ಗುರ್ ಅಂದರು. ದೊಡ್ಡಿಗೆ ಬಂತು ಹಸು. ಕರು ಓಡಿ ಬಂತು, ಹಾಲು ಕುಡೀತು. ಜೊತೆಯ ಹಸುಗಳ ಜಾಗ ಬಂತು, ಗಂಟಲು ಕಟ್ಟಿತು. ಕಟ್ಟೇ ಕಟ್ಟಿತು, ಸುಳ್ಳು ಹೇಳೋದಿಲ್ಲ. ಆದರೆ ಈ ಸಲ ನಾನು ಅದನ್ನು ನುಂಗಿ ಮುಂದಕ್ಕೆ ಓಡಲಿಲ್ಲ. ಅಂಗೈ ನೆಲಕ್ಕೆ ಊರಿದೆ. ಉಸಿರು ನಿಧಾನಕ್ಕೆ ಬಿಟ್ಟೆ. "ಮಿಸ್‌ಗೆ ಇಲ್ಲಿ ಅವರಮ್ಮ ನೆನಪಾಗ್ತಾರೆ, ಸ್ವಲ್ಪ ತಾಳಿ" ಅಂದೆ. ಧ್ವನಿ ನಡುಗಿತು, ಆದರೆ ಹೊರಗೆ ಬಂತು.

ಕ್ಲಾಸೆಲ್ಲ ಗಪ್‌ಚುಪ್. ಎರಡನೇ ತರಗತಿಯ ಒಬ್ಬಳು, ಅಜ್ಜಿ ಮನೆಯಲ್ಲಿ ಬೆಳೀತಿರೋ ಮಗು, ಸರಿದು ಬಂದು ನನ್ನ ಮೊಣಕಾಲಿಗೆ ಒರಗಿಕೊಂಡಳು. "ಮಿಸ್, ಮುಂದಿಂದು ನಾನು ಹೇಳ್ಲಾ?" ಅಂದಳು. ಹೇಳಿದಳು ಕೂಡ. ಅವಳ ಪುಣ್ಯಕೋಟಿ ಜೊತೆಯ ಹಸುಗಳಿಗೆ ಹೇಳೋ ಮಾತು ಪಠ್ಯದಲ್ಲಿ ಇಲ್ಲ: ನನ್ನ ಕರುಗೆ ರಾತ್ರಿ ಭಯ ಆಗುತ್ತೆ, ಮಧ್ಯದಲ್ಲಿ ಮಲಗಿಸಿಕೊಳ್ಳಿ.